ಕಿಟಕಿಯಿಂದ ಏಳನೆಯದು

ನಮ್ಮ ಫ್ಯಾಕ್ಟರಿಯಲ್ಲಿ ಚರ್ಮದ ಗ್ಲೌಸ್ ತಯಾರಾಗುತ್ತವೆ. ಯಾರದೋ ಕೈ ಬೆಚ್ಚಗಿರಲಿ, ಯಾರದೋ ಕೈಗೆ ಗಾಯವಾಗದಿರಲಿ ಎಂದು ನಾವು ದಿನಕ್ಕೆ ಒಂಬತ್ತು ಗಂಟೆ ಬೆನ್ನು ಬಗ್ಗಿಸುತ್ತೇವೆ. ಅಲ್ಲಿಯೇ ನನ್ನ ನಾದಿನಿಯ ಬಲಗೈಯ ಎರಡು ಬೆರಳು ಹೋದವು. ಹೋದವು ಎನ್ನುವುದು ಫ್ಯಾಕ್ಟರಿಯವರ ಮಾತು. ಅವೇನು ತಾವಾಗಿ ಎದ್ದು ಹೋಗಲಿಲ್ಲ. ಪ್ರೆಸ್ ಕತ್ತರಿಸಿತು, ತೋರುಬೆರಳು ಮತ್ತು ನಡುಬೆರಳು, ಬುಡಸಮೇತ.

ಪ್ರೆಸ್ ಎಂದರೆ ಚರ್ಮದ ಹಾಳೆಯ ಮೇಲೆ ಕೈಯಾಕಾರದ ಅಚ್ಚು ಇಟ್ಟು ಮೇಲಿಂದ ಒತ್ತುವ ಮಷಿನ್. ಅದರ ಮುಂದೆ ಕಬ್ಬಿಣದ ಜಾಲರಿಯ ಗಾರ್ಡು ಇರುತ್ತದೆ. ಗಾರ್ಡು ಕೆಳಗೆ ಬರದೆ ಪ್ರೆಸ್ ಇಳಿಯುವುದಿಲ್ಲ. ಗಾರ್ಡು ಇಳಿದು ಏರಲು ಎರಡು ಸೆಕೆಂಡು ಬೇಕು. ದೊಡ್ಡ ಆರ್ಡರು ಬಂದ ತಿಂಗಳು ನಮ್ಮ ಸೂಪರ್‌ವೈಸರ್‌ಗೆ ಆ ಎರಡು ಸೆಕೆಂಡು ಕಣ್ಣಲ್ಲಿ ಕಡ್ಡಿ ಬಿದ್ದಂತಾಯಿತು. ಈ ಮನುಷ್ಯ ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುತ್ತಾನೆ, ಹಾಗಾಗಿ ಅವನಿಗೆ ನಾವು ಇಟ್ಟ ಹೆಸರು ಗಡಿಯಾರ. ಗಡಿಯಾರ ಮೆಕ್ಯಾನಿಕ್ಕನ್ನು ಕರೆದು ಹದಿನೆಂಟು ಪ್ರೆಸ್ಸುಗಳ ಗಾರ್ಡನ್ನೂ ಬಿಚ್ಚಿಸಿದ. "ಬರ್ದು ಕೊಡಿ ಸಾರ್, ಬಿಚ್ತೀನಿ" ಎಂದ ಮೆಕ್ಯಾನಿಕ್. "ಬರೆಯೋಕೆ ಟೈಮಿಲ್ಲ, ಬಿಚ್ಚು" ಎಂದ ಗಡಿಯಾರ. ಮೆಕ್ಯಾನಿಕ್ ಬಿಚ್ಚಿದ. ಹನ್ನೊಂದನೆಯ ದಿನ ನಾದಿನಿಯ ಬೆರಳು. ಅದೇ ಸಂಜೆ, ನೆಲದ ರಕ್ತ ಒರೆಸುವ ಮೊದಲೇ, ಗಾರ್ಡುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು.

ಫ್ಯಾಕ್ಟರಿ ವರದಿ ಬರೆಯಿತು: ಕೆಲಸಗಾರ್ತಿ ತಾನೇ ಗಾರ್ಡು ಸಡಿಲಿಸಿಕೊಂಡಿದ್ದಾಳೆ, ತಪ್ಪು ಅವಳದೇ. ಆ ವರದಿ ನಿಂತರೆ ಅವಳ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆಗೆ ಫ್ಯಾಕ್ಟರಿ ಕೊಟ್ಟ ಲೈನ್ ಮನೆಯೂ. ಅದಕ್ಕಿಂತ ಹೆಚ್ಚಾಗಿ, ತನ್ನ ಬೆರಳನ್ನು ತಾನೇ ತಿಂದವಳು ಎಂಬ ಹೆಸರು ಕಾಗದದ ಮೇಲೆ ಶಾಶ್ವತವಾಗಿ ಉಳಿಯುತ್ತಿತ್ತು. ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆಗೆ ದಿನ ಗೊತ್ತಾಯಿತು. ಕಂಡ ಹೆಂಗಸರಿಗೆಲ್ಲ ಕೆಲಸ ಹೋಗುವ ಭಯ. ಸತ್ಯ ಹೇಳಬಲ್ಲವನು ಒಬ್ಬನೇ: ಗಾರ್ಡು ಬಿಚ್ಚಿದ ಮೆಕ್ಯಾನಿಕ್. ಅವನಿಗೆ ನಮ್ಮ ಹೆಂಗಸರೆಲ್ಲ ಸ್ಪಾನರಣ್ಣ ಎನ್ನುತ್ತಿದ್ದರು. ಆದರೆ ಅಷ್ಟರಲ್ಲಿ ಅವನು ಕೆಲಸ ಬಿಟ್ಟು, ನಾಲ್ಕು ಗಂಟೆ ಬಸ್ಸಿನ ದೂರದ ಒಂದು ಬಾಟ್ಲಿ ಫ್ಯಾಕ್ಟರಿ ಸೇರಿದ್ದ. ಹಳೆಯ ಫೋನ್ ನಂಬರೂ ಬದಲಾಗಿತ್ತು.

ಉಳಿದದ್ದು 'ಬಳಗ'.

ಬಳಗ ನಮ್ಮ ಫ್ಯಾಕ್ಟರಿಯ ಸ್ವಂತ ಮೆಸೇಜ್ ಆ್ಯಪ್, ಕೆಲಸ ಬಿಟ್ಟವರ ಫೋನಿನಲ್ಲೂ ನಡೆಯುತ್ತಿತ್ತು. ಅದನ್ನು ತಂದವನು ಮಾಲೀಕರ ಮಗಳ ಗಂಡ. ಕಂಪ್ಯೂಟರ್ ಓದಿದವನು, ನೆಲಕ್ಕೆ ಕಾಲಿಡದವನು, ಎಸಿ ರೂಮಿನಲ್ಲಿ ಕೂತವನು. ಅವನನ್ನು ನಾವು ಎಸಿ ಅಳಿಯ ಎನ್ನುತ್ತೇವೆ. ವರ್ಷದ ಹಿಂದೆ ಊಟದ ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ, ಬೆಣ್ಣೆ ಸವರಿದ ದನಿಯಲ್ಲಿ ಭಾಷಣ ಮಾಡಿದ್ದ: "ನಾವೆಲ್ಲ ಒಂದೇ ಕುಟುಂಬ. ರಜೆ ಬೇಕಾ, ಶಿಫ್ಟು ಬದಲಾಗಬೇಕಾ, ಗೆಳತಿ ಜೊತೆ ಹರಟೆ ಹೊಡೀಬೇಕಾ, ಎಲ್ಲಾ ಬಳಗದಲ್ಲೇ. ಇಲ್ಲಿ ನೋಡಿ, ಪುಟ್ಟ ಬೀಗದ ಚಿತ್ರ. ಇದರ ಅರ್ಥ ಏನು ಗೊತ್ತಾ? ಇಬ್ಬರ ಮಾತು ಇಬ್ಬರಿಗೇ. ಮೂರನೆಯವರಿಗೆ ಒಂದಕ್ಷರ ಕಾಣಿಸಲ್ಲ."

ಆಗ ಹತ್ತೂ ಬೆರಳಿದ್ದ ನಾದಿನಿ ನನ್ನ ಕಿವಿಯಲ್ಲಿ ಉಸುರಿದ್ದಳು: "ಒಂದೇ ಕುಟುಂಬ ಅಂತೆ. ಆ ಎಸಿ ರೂಮಲ್ಲಿ ನಮಗೂ ಒಂದು ಚಾಪೆ ಹಾಸ್ತಾರಾ ಕೇಳಿ ಅತ್ತಿಗೆ."

ನಕ್ಕೆವು. ನಕ್ಕು ಆ್ಯಪ್ ಹಾಕಿಕೊಂಡೆವು. ಅದಿಲ್ಲದೆ ಒಂದು ದಿನದ ರಜೆಯೂ ಸಿಗುತ್ತಿರಲಿಲ್ಲ.

ನಾದಿನಿಯ ಕೈಗೆ ಕಟ್ಟು ಹಾಕಿದ್ದರಿಂದ ಅವಳ ಫೋನಿನಲ್ಲಿ ಅವಳು ಹೇಳಿದ್ದನ್ನು ನಾನು ಒತ್ತುತ್ತಿದ್ದೆ. ನನ್ನ ಗಂಡ, ಅಂದರೆ ಅವಳಣ್ಣ, ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಹೀಗಾಗಿ ಅವಳ ಬಲಗೈ ನಾನೇ.

"ಅಣ್ಣ, ಹೇಗಿದೀರಾ? ವಿಚಾರಣೆ ಮುಂದಿನ ತಿಂಗಳು ಒಂಬತ್ತನೇ ತಾರೀಖು. ನೀವು ಬಂದು ನಡೆದದ್ದು ನಡೆದ ಹಾಗೆ ಹೇಳಿದ್ರೆ ಸಾಕು" ಎಂದು ಬರೆದೆವು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಬರ್ತೀನಿ ತಂಗಿ. ನನ್ನ ಕೈಯಾರೆ ಬಿಚ್ಚಿದ್ದು, ನನ್ನ ಬಾಯಾರೆ ಹೇಳ್ತೀನಿ. ಪಾಕೆಟ್ ಡೈರೀಲಿ ತಾರೀಖೂ ಬರ್ಕೊಂಡಿದೀನಿ. ಇಲ್ಲಿ ಬಾಟ್ಲಿ ಫ್ಯಾಕ್ಟರೀಲಿ ಮೊದಲನೇ ಶಿಫ್ಟು." ನಾದಿನಿ ಅಂದು ಅಪಘಾತದ ನಂತರ ಮೊದಲ ಬಾರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

"ನಿಮ್ಮ ಹೊಸ ನಂಬರ್ ಕಳಿಸಿ ಅಣ್ಣ" ಎಂದು ಕೇಳಿದೆವು. ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಬಂದದ್ದು ಇದು:

"ನಿನ್ನ ಸಹವಾಸ ನನಗೆ ಬೇಡ. ಹನ್ನೆರಡನೇ ಮಷಿನ್ ಗಾರ್ಡು ನಾನು ಬಿಚ್ಚಿಲ್ಲ, ನೀನೇ ಬಿಚ್ಚಿದ್ದು. ಸುಳ್ಳು ಸಾಕ್ಷಿ ಹೇಳಿ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳಲ್ಲ. ಇನ್ನು ಮೆಸೇಜ್ ಮಾಡಬೇಡ."

ನಾದಿನಿ ಗೋಡೆಗೆ ಒರಗಿ ಕೂತಳು. ಅಳಲಿಲ್ಲ. "ಬರೀರಿ ಅತ್ತಿಗೆ" ಎಂದಳು. ನಾನು ಬರೆದೆ. ಅವಳು ಹೇಳಿದ್ದರಲ್ಲಿ ಮುಕ್ಕಾಲನ್ನು ಮಾತ್ರ. "ಥೂ, ನಿನ್ನನ್ನ ಅಣ್ಣ ಅಂದ ಬಾಯಿಗೆ ಹುಳ ಬೀಳ. ನಿನ್ನ ಸ್ಪಾನರ್‌ಗೆ ತುಕ್ಕು ಹಿಡೀಲಿ. ಬೋಲ್ಟು ಸಡಿಲ ಆಗಿರೋದು ಗಾರ್ಡಿಂದಲ್ಲ, ನಿನ್ನ ಬೆನ್ನುಮೂಳೆದು. ಎಷ್ಟು ಕೊಟ್ರು ನಿನಗೆ?"

ಅದಕ್ಕೆ ಉತ್ತರ ಬರಲಿಲ್ಲ. ಬೀಗದ ಚಿತ್ರ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು.

ಮುಂದಿನ ಹನ್ನೆರಡು ದಿನ ನಾವಿಬ್ಬರೂ ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದೆವು. ನಲ್ಲಿಯ ಹತ್ತಿರ ಬೈದೆವು, ಊಟದ ಹಾಲಿನಲ್ಲಿ ಬೈದೆವು, ಕೇಳಿದವರೆಲ್ಲ ತಲೆಯಾಡಿಸಿದರು. "ಗಂಡಸರು ಅಷ್ಟೇ ಕಣೇ" ಎಂದರು. "ಕೆಲಸ ಬಿಟ್ಟು ಹೋದವನಿಗೆ ನಮ್ಮ ಚಿಂತೆ ಯಾಕೆ" ಎಂದರು. ಒಂಬತ್ತು ವರ್ಷ ನಮ್ಮ ಜೊತೆ ಎಣ್ಣೆಯಲ್ಲಿ ಮುಳುಗಿ, ಬೆಲ್ಟು ತುಂಡಾದರೆ ಊಟ ಬಿಟ್ಟು ಓಡಿಬರುತ್ತಿದ್ದವನು ನಾಲ್ಕು ಸಾಲಿನ ಒಂದು ಮೆಸೇಜಿಗೆ ನಾಯಿಯಾದ. ನಾವು ನಂಬಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಬಡವರು ಬಡವರ ಬಗ್ಗೆ ಕೆಟ್ಟದ್ದನ್ನು ಎಷ್ಟು ಬೇಗ ನಂಬುತ್ತಾರೆ ಎಂಬುದನ್ನು ಎಸಿ ರೂಮಿನಲ್ಲಿ ಕೂತವರು ಸರಿಯಾಗಿ ಲೆಕ್ಕ ಹಾಕಿದ್ದರು. ಅವರಿಗೆ ಬೇರೇನೂ ಗೊತ್ತಿರಲಿಲ್ಲ, ಇದೊಂದು ಗೊತ್ತಿತ್ತು.

ವಿಚಾರಣೆಗೆ ಹತ್ತು ದಿನ ಇರುವಾಗ ಫ್ಯಾಕ್ಟರಿಯ ವರದಿಯ ಪ್ರತಿ ಅಂಚೆಯಲ್ಲಿ ಬಂತು. ಮಧ್ಯಾಹ್ನ ಮನೆಯ ಮೆಟ್ಟಿಲ ಮೇಲೆ ಕೂತು ನಾನು ಗಟ್ಟಿಯಾಗಿ ಓದಿದೆ. "ಮಷಿನ್ ಸಂಖ್ಯೆ ಹನ್ನೆರಡರಲ್ಲಿ ಕೆಲಸ ಮಾಡುತ್ತಿದ್ದ ಅರ್ಜಿದಾರಳು..."

"ನಿಲ್ಸಿ" ಎಂದಳು ನಾದಿನಿ. "ಹನ್ನೆರಡು ಯಾಕೆ? ನಂದು ಏಳು. ಹನ್ನೆರಡು ಆ ದಪ್ಪಕ್ಕಂದು. ಇದನ್ನ ಬರೆದ ಮಹಾನುಭಾವನಿಗೆ ಯಾರ ಬೆರಳು ಹೋಯ್ತು ಅಂತಾನೂ ಗೊತ್ತಿಲ್ವಾ?"

ಪ್ರೆಸ್ ಹಾಲಿಗೆ ಎರಡು ಬಾಗಿಲು. ಕಕ್ಕಸಿನ ಪಕ್ಕದ ಕಿಟಕಿಯ ಬಳಿ ಇರುವುದು ಹಿಂಬಾಗಿಲು. ನಾವು ಒಳಗೆ ಬರುವುದು ಅಲ್ಲಿಂದ. ಆದ್ದರಿಂದ ನಮಗೆ ಕಿಟಕಿಯ ಬಳಿಯದು ಒಂದನೇ ಮಷಿನ್. ಅಲ್ಲಿಂದ ಏಳನೆಯದು ನಾದಿನಿಯದು. ಆಫೀಸಿನವರು ಬರುವುದು ಆ ಕಡೆಯ ಗಾಜಿನ ಬಾಗಿಲಿಂದ. ಬಂದರೂ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಡುವುದಿಲ್ಲ, ಚರ್ಮದ ವಾಸನೆ ಬಟ್ಟೆಗೆ ಅಂಟುತ್ತದಲ್ಲ. ಅವರಿಗೆ ಗಾಜಿನ ಬಾಗಿಲ ಬಳಿಯದೇ ಒಂದು. ಅಲ್ಲಿಂದ ಎಣಿಸಿದರೆ ನಾದಿನಿಯದು ಹನ್ನೆರಡು.

"ಅವರು ಆ ಕಡೆಯಿಂದ ಎಣಿಸ್ತಾರೆ ಕಣೆ" ಎಂದೆ. ಹೇಳುತ್ತಿದ್ದ ಹಾಗೆಯೇ ಕೈಲಿದ್ದ ವರದಿ ಕೆಳಗಿಟ್ಟೆ. ಹನ್ನೆರಡು. ಈ ಹನ್ನೆರಡನ್ನು ನಾನು ಇತ್ತೀಚೆಗೆ ಎಲ್ಲೋ ಓದಿದ್ದೆ.

ಫೋನ್ ತೆಗೆದೆ. 'ಹನ್ನೆರಡನೇ ಮಷಿನ್ ಗಾರ್ಡು ನಾನು ಬಿಚ್ಚಿಲ್ಲ.'

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಪಾನರಣ್ಣ ಒಂಬತ್ತು ವರ್ಷ ಹಿಂಬಾಗಿಲಿಂದಲೇ ಬಂದವನು. "ಕಿಟಕಿಯಿಂದ ಏಳು, ಬೆಲ್ಟ್ ಸಡಿಲ!" "ಕಿಟಕಿಯಿಂದ ಮೂರು, ಎಣ್ಣೆ!" ಎಂದು ಪ್ರೆಸ್ ಹಾಲಿನ ಸೂರು ಹಾರಿಹೋಗುವ ಹಾಗೆ ಕೂಗುತ್ತಿದ್ದವನು. ಅವನು ಸತ್ತರೂ ಏಳನ್ನು ಹನ್ನೆರಡು ಎನ್ನುವವನಲ್ಲ. ಈ ಮೆಸೇಜ್ ಬರೆದ ಪ್ರಾಣಿ ನಮ್ಮ ಹಾಲನ್ನು ಗಾಜಿನ ಬಾಗಿಲಿಂದ ಮಾತ್ರ ನೋಡಿತ್ತು.

"ಅತ್ತಿಗೆ" ಎಂದಳು ನಾದಿನಿ ಬಹಳ ಮೆಲ್ಲಗೆ, "ನಾನು ಬೈದಿದ್ದು ಯಾರಿಗೆ ಹೋಯ್ತು ಹಾಗಾದ್ರೆ?"

ಮಾರನೆಯ ದಿನ ಹೊಟ್ಟೆನೋವೆಂದು ರಜೆ ಹಾಕಿದೆ, ಬಳಗದಲ್ಲೇ. "ಬೇಗ ಗುಣವಾಗಿ" ಎಂದು ಎಸಿ ರೂಮಿನಿಂದ ಹೂವಿನ ಚಿತ್ರ ಬಂತು. ನಾದಿನಿಯ ಫೋನ್ ಹಿಡಿದು ಬಸ್ಸು ಹತ್ತಿದೆ. ಬಾಟ್ಲಿ ಫ್ಯಾಕ್ಟರಿಯ ಗೇಟಿನಲ್ಲಿ ಎರಡು ಗಂಟೆಗೆ ಮೊದಲನೇ ಶಿಫ್ಟು ಬಿಟ್ಟಿತು. ನೂರಾರು ಜನರ ನಡುವೆ ಆ ಬೋಳುತಲೆ ಕಂಡಿತು. ನನ್ನನ್ನು ನೋಡಿದವನೇ ಮುಖ ತಿರುಗಿಸಿ ಬಿರಬಿರನೆ ನಡೆದ.

"ಅಣ್ಣ! ನಿಂತ್ಕೊಳ್ಳಿ!"

"ಯಾರಿಗೆ ಅಣ್ಣ? ನಿಮ್ಮನೇಲಿ ಅಣ್ಣತಮ್ಮಂದಿರು ಸಂತೇಲಿ ಸಿಗ್ತಾರಾ? ಬೇಕಾದಾಗ ತರೋದು, ಬೇಡವಾದಾಗ ಬಿಸಾಕೋದು?"

"ಒಂದು ನಿಮಿಷ ನನ್ನ ಮಾತು ಕೇಳಿ."

"ಕೇಳಿದೀನಲ್ಲ, ಓದಿಯೂ ಇದೀನಿ. ರಾಜಿ ಆಯ್ತಂತೆ. ನಾನು ಬಂದ್ರೆ ನನ್ನ ಮೇಲೇ ಕೇಸಂತೆ. ಆಗಲಿ ತಾಯಿ, ಚೆನ್ನಾಗಿರಿ. ನನಗೆ ಬಸ್ಸು ತಪ್ಪುತ್ತೆ."

"ನಿಮ್ಮ ಫೋನ್ ತೆಗೀರಿ" ಎಂದೆ. "ತೆಗೆದು ಈ ಫೋನಿನ ಪಕ್ಕ ಇಡಿ. ಆಮೇಲೆ ಬೈರಿ, ನಾನೇ ತಲೆ ಬಗ್ಗಿಸ್ತೀನಿ."

ಚಹಾ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಎರಡು ಫೋನುಗಳು ಪಕ್ಕಪಕ್ಕ ಮಲಗಿದವು. ಒಂದೇ ಮಾತುಕತೆಯ ಎರಡು ತುದಿ. ಮೊದಲ ಮೂರು ಮೆಸೇಜು ಎರಡರಲ್ಲೂ ಒಂದೇ. ಆಮೇಲೆ ದಾರಿ ಕವಲೊಡೆದಿತ್ತು. ನಾವು ನಂಬರ್ ಕೇಳಿದ್ದು ಅವನಿಗೆ ತಲುಪಿತ್ತು, ಅವನು ನಂಬರ್ ಕಳಿಸಿದ್ದು ನಮಗೆ ತಲುಪಿರಲಿಲ್ಲ. ಅವನ ಫೋನಿನಲ್ಲಿ ನನ್ನ ನಾದಿನಿ ಹೀಗೆ ಹೇಳಿದ್ದಳು: "ನಾನು ಫ್ಯಾಕ್ಟರಿಯವರ ಜೊತೆ ರಾಜಿಯಾಗಿದ್ದೇನೆ. ನೀವು ಬರುವುದು ಬೇಡ. ಬಂದರೆ ಗಾರ್ಡು ಬಿಚ್ಚಿದ ನಿಮ್ಮ ಮೇಲೆಯೇ ದೂರು ಕೊಡುತ್ತೇನೆ." ಅದರ ಕೆಳಗೆ ಅವನ ಉತ್ತರ, ನಮ್ಮ ಫೋನಿಗೆ ಎಂದೂ ಬಾರದ ಉತ್ತರ. ನಾನು ಅದನ್ನು ಓದಿದೆ. ಅವನು ಬೆರಳಿಟ್ಟು ಮುಚ್ಚಲು ನೋಡಿದ, ತಡವಾಗಿತ್ತು.

"ಇದನ್ನ ತಂಗಿಗೆ ತೋರಿಸಬೇಡಿ" ಎಂದ.

"ಅವಳು ಬರೆದದ್ದನ್ನ ನೀವೂ ಓದಬೇಡಿ" ಎಂದೆ.

ಅವನು ಚಹಾದ ಲೋಟ ಎತ್ತಿಕೊಂಡ. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೆಯೇ ಇತ್ತು, ಕಪ್ಪು ದಾರದ ಹಾಗೆ. "ನಡುವೆ ಕೂತು ಇಬ್ಬರ ಬಾಯಲ್ಲೂ ತಾವೇ ಮಾತಾಡಿದಾರೆ" ಎಂದ. "ಕಳ್ಳತನ ಮಾಡೋಕೂ ಒಂದು ಮರ್ಯಾದೆ ಇರುತ್ತೆ ತಂಗಿ. ಕಳ್ಳ ಮನೆ ನುಗ್ಗಿದ್ರೆ ಪಾತ್ರೆ ತಗೊಂಡು ಹೋಗ್ತಾನೆ. ಇವರು ಪಾತ್ರೆ ಒಳಗೆ ಉಗುಳಿ, ನೀನೇ ಉಗುಳಿದ್ದು ಅಂತ ನನಗೂ, ನಾನೇ ಉಗುಳಿದ್ದು ಅಂತ ನಿಮಗೂ ಹೇಳಿದಾರೆ."

"ಈಗ ಬೈಯೋಣ್ವಾ, ಕೆಲಸ ಮಾಡೋಣ್ವಾ?"

"ಕೆಲಸ."

ಆ್ಯಪನ್ನು ಅಳಿಸಲಿಲ್ಲ. ಅಳಿಸಿದರೆ ಅವರು ಎಚ್ಚರಾಗುತ್ತಿದ್ದರು. ಕಾಗದದ ಚೀಟಿಯಲ್ಲಿ ಅವನ ನಂಬರ್ ಬರೆದುಕೊಂಡೆ. ಪಕ್ಕದ ಮನೆಯವರ ಫೋನಿನಿಂದ ಮಾತಾಡುವುದೆಂದು ಗೊತ್ತು ಮಾಡಿದೆವು. ವಿಚಾರಣೆಯ ಹಿಂದಿನ ದಿನ ಊಟದ ಹೊತ್ತಿನಲ್ಲಿ ನಾದಿನಿ ನನ್ನಿಂದ ಬಳಗದಲ್ಲಿ ಸ್ಪಾನರಣ್ಣನಿಗೆ ಕೊನೆಯ ಮೆಸೇಜ್ ಬರೆಸಿದಳು. ಅಳುವ ದನಿಯಲ್ಲಿ ಹೇಳಿದಳು, ಕಣ್ಣು ಮಾತ್ರ ನಗುತ್ತಿತ್ತು: "ನೀವು ಕೈ ಬಿಟ್ರಿ. ನನಗೆ ಶಕ್ತಿ ಇಲ್ಲ. ನಾಳೆ ನಾನು ಹೋಗಲ್ಲ. ಅವರು ಹೇಳಿದ ಕಡೆ ಸಹಿ ಹಾಕ್ತೀನಿ."

"ಜಾಸ್ತಿ ಆಯ್ತಾ ಅತ್ತಿಗೆ?"

"ಇವರಿಗೆ ಎಷ್ಟು ಸುರಿದ್ರೂ ಜಾಸ್ತಿ ಆಗಲ್ಲ" ಎಂದೆ. "ನಾವು ಸೋತ್ವಿ ಅಂದ್ರೆ ಮರುಮಾತಿಲ್ಲದೆ ನಂಬ್ತಾರೆ."

ನಂಬಿದರು. ಮರುದಿನ ಅಧಿಕಾರಿಯ ಕಚೇರಿಗೆ ಫ್ಯಾಕ್ಟರಿಯ ವಕೀಲರು ಬರಲೇ ಇಲ್ಲ. ಬಾರದವಳ ಮೇಲೆ ವಾದ ಮಾಡಲು ವಕೀಲರೇಕೆ? ಎಸಿ ಅಳಿಯ ಮತ್ತು ಗಡಿಯಾರ ಇಬ್ಬರೇ ಬಂದಿದ್ದರು. ನಾವು ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದೆವು. ಜವಾನ ಕರೆದ. ಸುಮ್ಮನಿದ್ದೆವು. ಎರಡನೆಯ ಸಲ ಕರೆದ. ತೆರೆದ ಬಾಗಿಲಿಂದ ಅಳಿಯನ ಬೆಣ್ಣೆದನಿ ಕೇಳುತ್ತಿತ್ತು: "ಮೇಡಂ, ಪಾಪ, ಅವಳಿಗೇ ತಪ್ಪಿನ ಅರಿವಾಗಿರಬೇಕು. ಗೈರುಹಾಜರು ಅಂತ ಬರೆದು ಮುಗಿಸಿಬಿಡಬಹುದಲ್ಲ." ಗಡಿಯಾರ ಮಣಿಕಟ್ಟು ನೋಡಿಕೊಂಡಿರಬೇಕು. ಮೂರನೆಯ ಸಲ ಕರೆದಾಗ ನಾದಿನಿ ಒಳಗೆ ನಡೆದಳು, ಹಿಂದೆ ನಾನು.

ಅಳಿಯ ಕುರ್ಚಿಯಿಂದ ಅರ್ಧ ಎದ್ದ. ಬಾಯಿ ಮೆದುಳಿಗಿಂತ ಮುಂದೆ ಓಡಿತು. "ಅರೆ! ನೀವು ಬರಲ್ಲ ಅಂತ ಬರ್ದಿದ್ರಲ್ಲ!"

ನಾದಿನಿ ನಿಧಾನವಾಗಿ ಕುರ್ಚಿ ಎಳೆದು ಕೂತು, ಕಟ್ಟು ಬಿಚ್ಚಿದ ಮೂರು ಬೆರಳಿನ ಕೈಯನ್ನು ಮೇಜಿನ ಮೇಲೆ, ಅವನ ಮುಖಕ್ಕೆ ನೇರವಾಗಿ ಇಟ್ಟಳು.

"ಯಾರಿಗೆ ಬರ್ದಿದ್ದೆ ಅಳಿಯಂದ್ರೆ?"

"ಅಲ್ಲ... ಅದು... ಫ್ಯಾಕ್ಟರಿಗೆ."

"ಫ್ಯಾಕ್ಟರಿಗೆ ನಾನು ಏನೂ ಬರ್ದಿಲ್ಲ. ಇಡೀ ಭೂಮಿ ಮೇಲೆ ಒಬ್ಬರಿಗೇ ಬರ್ದಿದ್ದು. ಇಬ್ಬರ ಮಾತು ಇಬ್ಬರಿಗೇ ಅಂತ ನೀವೇ ಹೇಳಿದ್ರಲ್ಲ, ಪುಟ್ಟ ಬೀಗ ತೋರ್ಸಿ. ಆ ಒಬ್ಬರು ಹೊರಗೆ ಬೆಂಚಿನ ಮೇಲೆ ಕೂತಿದಾರೆ. ಕರೀರಿ, ಅವರಿಗೆ ತಲುಪ್ತಾ ಕೇಳೋಣ."

ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಕರೀರಿ" ಎಂದರು.

ಸ್ಪಾನರಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ, ಕೈಯಲ್ಲಿ ಎಣ್ಣೆ ಹೀರಿ ಊದಿಕೊಂಡ ಪಾಕೆಟ್ ಡೈರಿ. ಅವನಿಗೆ ನಿನ್ನೆಯ ಮೆಸೇಜ್ ತಲುಪಿರಲಿಲ್ಲ. ಬದಲಿಗೆ "ಪ್ರಕರಣ ಮುಗಿದಿದೆ, ಧನ್ಯವಾದಗಳು" ಎಂಬುದು ತಲುಪಿತ್ತು. ನಾದಿನಿ ಹುಟ್ಟಿದಂದಿನಿಂದ ಯಾರಿಗೂ ಧನ್ಯವಾದಗಳು ಎಂದವಳಲ್ಲ.

ಅಳಿಯನ ಹಣೆಯಲ್ಲಿ ಬೆವರು. ಎಸಿ ಇಲ್ಲದ ರೂಮು ಅವನಿಗೆ ಅಭ್ಯಾಸವಿರಲಿಲ್ಲ. "ನನಗೇನು ಗೊತ್ತು ಮೇಡಂ, ಇವರು ಸೂಪರ್‌ವೈಸರು ಬರೆದುಕೊಟ್ಟರು, ನಾನು ಒತ್ತಿದೆ ಅಷ್ಟೇ" ಎಂದ. ಗಡಿಯಾರ ಹಾವು ತುಳಿದವನಂತೆ ಹಾರಿ, "ನಾನಾ? ನಾನು ಗಾರ್ಡು ಬಿಚ್ಚಿ ಅಂತ ಹೇಳಿದ್ದು ಅಷ್ಟೇ, ಫೋನಿನ ವಿಷಯ ನನಗೆ ಗೊತ್ತೇ ಇಲ್ಲ!" ಎಂದ. ಎಂದ ಮೇಲೆ ತಾನು ಏನೆಂದೆನೆಂದು ಅರಿವಾಗಿ, ಅಭ್ಯಾಸಬಲದಿಂದ ಮಣಿಕಟ್ಟು ನೋಡಿಕೊಂಡ. ಇಂಥವರ ಕೈಯಲ್ಲಿ ನಮ್ಮ ಕೈಗಳಿದ್ದವು. ಇಂಥ ಇಬ್ಬರಿಗೆ ನಾವು ವರ್ಷಗಟ್ಟಲೆ ಎದ್ದು ನಿಂತು ನಮಸ್ಕಾರ ಹೊಡೆದಿದ್ದೆವು.

"ಎರಡೂ ಫೋನು ಓದಿ, ದಾಖಲು ಮಾಡಿ" ಎಂದರು ಅಧಿಕಾರಿ.

ಗುಮಾಸ್ತ ಮೊದಲು ಮಷಿನ್ ಸಂಖ್ಯೆ ಹನ್ನೆರಡು ಎಂದು ಬರೆದುಕೊಂಡ. "ಹೊಡೆದು ಹಾಕಿ ಸಾರ್" ಎಂದಳು ನಾದಿನಿ. "ಕಿಟಕಿಯಿಂದ ಏಳು." ಸ್ಪಾನರಣ್ಣ ಡೈರಿ ತೆರೆದು ತೋರಿಸಿದ, ಗಾರ್ಡು ಬಿಚ್ಚಿದ ತಾರೀಖಿನ ಕೆಳಗೆ, ಕಿಟಕಿಯಿಂದ ಒಂದರಿಂದ ಹದಿನೆಂಟು. ಗುಮಾಸ್ತ ಹೊಡೆದುಹಾಕಿ ಬರೆದ. ಆಮೇಲೆ ಬೆಲೆಪಟ್ಟಿ ಓದುವ ದನಿಯಲ್ಲಿ ಮೆಸೇಜುಗಳನ್ನು ಓದತೊಡಗಿದ.

"ಥೂ. ನಿನ್ನನ್ನ ಅಣ್ಣ ಅಂದ ಬಾಯಿಗೆ ಹುಳ ಬೀಳ. ನಿನ್ನ ಸ್ಪಾನರ್‌ಗೆ ತುಕ್ಕು ಹಿಡೀಲಿ..." ಅವನು ತಲೆಯೆತ್ತಿದ. "ಇದನ್ನೂ ಬರೀಬೇಕಾ ಮೇಡಂ?"

"ಒಂದಕ್ಷರ ಬಿಡಬೇಡಿ."

ಸ್ಪಾನರಣ್ಣನ ಬೋಳುತಲೆ ಕೆಂಪಾಯಿತು, ಆದರೆ ತುಟಿಯಂಚು ಅಲುಗಿತು. ನಗು ತಡೆದುಕೊಳ್ಳುತ್ತಿದ್ದ. ಗುಮಾಸ್ತ ಎರಡನೆಯ ಫೋನು ಎತ್ತಿಕೊಂಡ. ನಾನು ಕೈ ಚಾಚಿದೆ, ಯಾಕೆಂದು ನನಗೇ ಗೊತ್ತಿಲ್ಲ. ತಡೆಯಲು ಅದು ಚಹಾ ಅಂಗಡಿಯ ಬೆಂಚಲ್ಲವಲ್ಲ. ಅವನು ಅದೇ ದನಿಯಲ್ಲಿ ಓದಿದ:

"ಕತ್ತರಿಸಿ ಬಿದ್ದ ಬೆರಳಿಗೂ ಗಿರಾಕಿ ಹುಡುಕ್ಕೊಂಡ್ಯಾ ತಂಗಿ? ಉಳಿದ ಮೂರಕ್ಕೂ ರೇಟು ಹೇಳು."

ನಾದಿನಿ ಮೇಜಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಗಾರ್ಡು ಬಿಚ್ಚಿಸಿದ್ದು ಸೂಪರ್‌ವೈಸರ್ ಎಂದು ಅಧಿಕಾರಿ ಬರೆಸಿದರು. ತಪ್ಪು ಕೆಲಸಗಾರ್ತಿಯದಲ್ಲ, ಕೆಲಸದಿಂದಾಗಲಿ ಮನೆಯಿಂದಾಗಲಿ ಅವಳನ್ನು ತೆಗೆಯುವಂತಿಲ್ಲ. ಕದ್ದು ಓದಿದ, ತಿದ್ದಿ ಕಳಿಸಿದ ವಿಷಯ ಬೇರೆ ಕಡೆಗೆ ಹೋಗುತ್ತದೆ, ಎರಡೂ ಫೋನು ಇಲ್ಲೇ ಇರಲಿ ಎಂದರು. ಅಳಿಯ ಮಾವನಿಗೆ ಫೋನ್ ಮಾಡಲು ಹೊರಗೋಡಿದ. ಅದೂ ಬಳಗದಲ್ಲೇ ಮಾಡಿದನೋ ಏನೋ.

ನಾವು ಮೂವರು ಮೆಟ್ಟಿಲಿಳಿದೆವು. ಗೆದ್ದವರ ಹಾಗೆ ಇಳಿಯಲಿಲ್ಲ. ಕೆಳಗಿನ ಗೇಟಿನ ಬಳಿ ನಾದಿನಿ ನಿಂತಳು.

"ಅಣ್ಣ, ಆ ಬೆರಳಿನ ಮಾತು. ಅದು ಅವರು ಬರ್ದಿದ್ದಲ್ಲ, ಅಲ್ವಾ?"

"ಅಲ್ಲ ತಂಗಿ. ನಾನೇ."

"ತುಕ್ಕಿನ ಮಾತು ನಂದೇ."

"ಗೊತ್ತಾಯ್ತು. ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಬೈಯೋಕೆ ಬರಲ್ಲ."

ಅವಳು ನಗಲಿಲ್ಲ. "ಆ ನಾಯಿಗಳು ಸುಳ್ಳು ಬರೆದ್ರು, ಸರಿ" ಎಂದಳು. "ನಂಬಿದ್ದು ಮಾತ್ರ ನಾವೇ." ಆಮೇಲೆ ನನ್ನ ಚೀಲದಿಂದ ಚೀಟಿ ಮತ್ತು ಪೆನ್ನು ಕೇಳಿದಳು. ಪೆನ್ನನ್ನು ಉಳಿದ ಮೂರು ಬೆರಳಿನ ನಡುವೆ ಸಿಕ್ಕಿಸಿ, ಗೇಟಿನ ಕಂಬಕ್ಕೆ ಕಾಗದ ಒತ್ತಿ, ನಮ್ಮ ಮನೆಯ ವಿಳಾಸವನ್ನು ತಾನೇ ಬರೆಯತೊಡಗಿದಳು. ಅಪಘಾತದ ನಂತರ ಮೊದಲ ಬರಹ. ಅಕ್ಷರಗಳು ಕುಡಿದವರ ಹಾಗೆ ಓಲಾಡಿದವು. ನಾನು ಬರೆದುಕೊಡಲು ಮುಂದಾದೆ.

"ಬೇಡ ಅತ್ತಿಗೆ" ಎಂದಳು. ಬರೆದು ಮುಗಿಸಿ ಚೀಟಿಯನ್ನು ಸ್ಪಾನರಣ್ಣನ ಕೈಗೆ ಕೊಟ್ಟಳು. "ಇನ್ಮೇಲೆ ಬೈಯೋದಿದ್ರೆ ಮನೆಗೇ ಬಂದು ಬೈರಿ."